ಒಕ್ಕಲಾಗ್ಲಿ, ಕೊಡುವಾ

ಮಂಗಳೂರಲ್ಲಿ ಸಣ್ಣ ಕಂಟ್ರಾಕ್ಟುದಾರನ ಬಿಲ್ಲಿಗೆ ವರ್ಷಪೂರ್ತಿ ಮಳೆಗಾಲ ಮಾರಾಯ್ರೆ. ಶನಿವಾರ ಕೆಲಸದವರ ಬಟವಾಡೆ ತಪ್ಪಿಸುವ ಹಾಗಿಲ್ಲ. ಹಣ ಬರಲಿ ಬಿಡಲಿ, ಬಿಲ್ ಹರಿದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು. ಮನೆ ಕಟ್ಟಿಸುವವರದ್ದು ಮಾತ್ರ ಒಂದೇ ರಾಗ: "ಒಕ್ಕಲಾಗ್ಲಿ, ಕೊಡುವಾ." ಒಕ್ಕಲಿನ (ಗೃಹಪ್ರವೇಶದ) ದಿನ ಪಾಯಸ ಸಿಗುತ್ತದೆ, ಚೆಕ್ ಅಲ್ಲ.

ಕೊನೆಯ ಕಂತು ದೊಡ್ಡದಿಟ್ಟರೆ ಕೆಟ್ಟಿರಿ. ಪಂಚಾಂಗ (ಅಡಿಪಾಯ), ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್, ಗಾರೆ ಅಂತ ಒಡೆದು, ಕೀ ಕೊಡುವಾಗ ಶೇ. 5 ಮಾತ್ರ ಉಳಿಯುವ ಹಾಗೆ ಬರೆಸಿ. ಸ್ಲ್ಯಾಬಿನ ಕಂತು ಕಾಂಕ್ರೀಟಿನ ಹಿಂದಿನ ದಿನವೇ ಬರಬೇಕು. ಆಮೇಲೆ ಕೇಳಿದರೆ "ಸೋರ್ತದಾ ನೋಡುವಾ" ಶುರು.

ನಿಜವಾದ ಜಗಳ ಎಕ್ಸ್‌ಟ್ರಾ ಕೆಲಸದ್ದು. ಸಿಟ್‌ಔಟ್ ಸೇರಿಸಿ ಅಂದರೆ ಅಳತೆ, ದರ ವಾಟ್ಸಾಪಿಗೆ ಹಾಕಿ. ಅವರ "ಓಕೆ" ಬಂದ ಮೇಲೆಯೇ ಕೆಂಪುಕಲ್ಲು ಇಳಿಸಿ. ಗೋಡೆಯೊಳಗಿನ ಪೈಪಿನ ಅಳತೆಗೆ ಗಾರೆಗೆ ಮೊದಲೇ ಇಬ್ಬರ ಸಹಿ ಬೀಳಲಿ.

ಕಂಪೆನಿಗಳಿಗೆ ಬೇರೆ ಮದ್ದು. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಕೆಲಸಕ್ಕೆ ಮೊದಲೇ ಇದ್ದರೆ, 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯಂತೆ ಹಣ ಕೊಡಲು ಒಪ್ಪಂದವಿದ್ದರೂ 45 ದಿನ ದಾಟುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಸಾಮಾನು, ಮಜೂರಿ ಒಟ್ಟಾದ ಗುತ್ತಿಗೆಗೆ ಇದು ಅನ್ವಯಿಸದು ಎಂದ ಹೈಕೋರ್ಟ್ ತೀರ್ಪುಗಳೂ ಉಂಟು. ಹಾಗಾಗಿ ಬಡ್ಡಿಯ ಷರತ್ತನ್ನು ಕರಾರಿನಲ್ಲೇ ಬರೆಸಿಡಿ.