ಕೈಗೆ ಕೊಟ್ಟ ಸೀಲನ್ನೂ ಹಾಕಲಿಲ್ಲ

ಗೇರ್‌ಬಾಕ್ಸ್ ಮತ್ತೆ ನೆಲದ ಮೇಲಿದೆ. ಮೂರು ತಿಂಗಳೊಳಗೆ ಇದು ಎರಡನೆಯ ಸಲ. ಮೊದಲ ಸಲ ಇಳಿಸಿದ್ದು ಗ್ಯಾರೇಜಿನಲ್ಲಿ, ಹೊಸ ಡಿಫರೆನ್ಷಿಯಲ್ ಮತ್ತು ಕ್ಲಚ್ ಹಾಕಿಸಲು. ಈ ಸಲ ಅವರು ಮಾಡದೆ ಬಿಟ್ಟ ಕೆಲಸದಿಂದಾಗಿ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿದೆ, ಬರೆಯದೆ ಇರಲಾರೆ.

ನನ್ನದು ಮುಂದಿನ ಚಕ್ರಗಳು ಎಳೆಯುವ ಹಾಟ್ ಹ್ಯಾಚ್, ಅಂದರೆ ಚುರುಕಾದ ಸಣ್ಣ ಹ್ಯಾಚ್‌ಬ್ಯಾಕ್. ಹಿಂದಿನ ಸೀಟು ಕಿತ್ತು, ಬ್ರೇಕ್ ಬದಲಿಸಿ, ಸಸ್ಪೆನ್ಷನ್ ಗಟ್ಟಿ ಮಾಡಿ ಟ್ರ್ಯಾಕ್‌ಗೆಂದೇ ಇಟ್ಟುಕೊಂಡ ಕಾರು. ಉಳಿದದ್ದು ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಒಂದೇ. ಇಂಥ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಿದವರಿಗೆ ಆ ಸಂಕಟ ಗೊತ್ತು. ನಿಧಾನದ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಒಳಬದಿಯ ಚಕ್ರ ಗಿರ್ರನೆ ಸುತ್ತುತ್ತದೆ, ರಬ್ಬರ್ ಸುಡುತ್ತದೆ, ಕಾರು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ತಿರುವಿನಲ್ಲಿ ಭಾರವೆಲ್ಲ ಹೊರಬದಿಯ ಟೈರ್ ಮೇಲೆ ಬಿದ್ದು ಒಳಗಿನದು ಹಗುರಾಗುತ್ತದೆ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ, ಹಗುರಾದ ಚಕ್ರ ಎಷ್ಟನ್ನು ತಾಳಿಕೊಳ್ಳುತ್ತದೋ ಅಷ್ಟೇ ಹೊರಗಿನ ಚಕ್ರಕ್ಕೂ ದಕ್ಕುತ್ತದೆ. ಹಿಡಿತವಿರುವ ಟೈರ್ ಕೆಲಸವಿಲ್ಲದೆ ಕೂರುತ್ತದೆ.

ಇದಕ್ಕೆ ಮದ್ದು ಹೊಸದೇನಲ್ಲ. 1995ರ ಹೋಂಡಾ ಇಂಟೆಗ್ರಾ ಟೈಪ್ ಆರ್, ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ದಾಟಿಸುವ, ಓರೆಹಲ್ಲಿನ (ಹೆಲಿಕಲ್) ಗೇರಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹೊತ್ತುಕೊಂಡೇ ಕಾರ್ಖಾನೆಯಿಂದ ಹೊರಬಂದಿತ್ತು. 2002ರ ಫೋರ್ಡ್ ಫೋಕಸ್ ಆರ್‌ಎಸ್‌ನಲ್ಲಿ ಕ್ವೈಫ್ ಕಂಪನಿಯ ಅಂಥದೇ ಡಿಫರೆನ್ಷಿಯಲ್ ಇತ್ತು. ನಾನು ಆರಿಸಿಕೊಂಡದ್ದೂ ಹೆಲಿಕಲ್ ಬಗೆಯದೇ. ಒಂದಕ್ಕೊಂದು ಒತ್ತಿ ಉಜ್ಜುವ ತಟ್ಟೆಗಳಿರುವ ಪ್ಲೇಟ್ ಬಗೆಯದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ನಿಜ. ಆದರೆ ಅದರ ಪ್ಲೇಟುಗಳು ಸವೆಯುತ್ತವೆ, ಆಗಾಗ ಬಿಚ್ಚಿ ಹೊಸದು ಹಾಕಬೇಕು. ಹೆಲಿಕಲ್‌ನಲ್ಲಿ ಆ ತಾಪತ್ರಯವಿಲ್ಲ. ಒಳಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಅದು ಕೈಚೆಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು, ನನ್ನ ಕಾರು ಅಷ್ಟು ಚಕ್ರ ಎತ್ತುವುದಿಲ್ಲ.

ಡಿಫರೆನ್ಷಿಯಲ್ ಜೊತೆಗೆ, ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಕ್ಲಚ್ ಕೂಡ ಏಕೆ ಎಂದು ಹಲವರು ಕೇಳಿದರು. ಇಷ್ಟು ದಿನ ಒಳಚಕ್ರ ಸುತ್ತಿ ಸುತ್ತಿ ಎಂಜಿನ್ನಿನ ಶಕ್ತಿಯನ್ನು ಹೊರಗೆ ಚೆಲ್ಲುತ್ತಿತ್ತು, ಕ್ಲಚ್‌ಗೆ ಪೂರ್ತಿ ಹೊರೆ ಬೀಳುತ್ತಲೇ ಇರಲಿಲ್ಲ. ಎರಡೂ ಟೈರುಗಳು ನೆಲ ಕಚ್ಚಿ ಹಿಡಿದ ಮೇಲೆ ಹೊರೆಯೆಲ್ಲ ಕ್ಲಚ್ ಮೇಲೆಯೇ. ಹಳೆಯ ಕ್ಲಚ್ ಅದನ್ನು ತಾಳುತ್ತಿರಲಿಲ್ಲ. ಅಲ್ಲದೆ ಎರಡು ಕೆಲಸಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು. ಒಮ್ಮೆ ಇಳಿಸಿದಾಗ ಎಲ್ಲವನ್ನೂ ಮುಗಿಸಿಬಿಡುವುದು ಬುದ್ಧಿವಂತಿಕೆ.

ಅದೇ ಲೆಕ್ಕದಲ್ಲಿ ನಾನು ಕ್ರ್ಯಾಂಕ್‌ಶಾಫ್ಟ್‌ನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂಬದಿಯ ಆಯಿಲ್ ಸೀಲನ್ನೂ ನಾನೇ ಖರೀದಿಸಿ ಗ್ಯಾರೇಜಿನವರ ಕೈಗೆ ಕೊಟ್ಟೆ. ಅಂಗೈಯಗಲದ ಉಂಗುರ ಅದು. ಎಂಜಿನ್ ಆಯಿಲ್ ಮತ್ತು ಕ್ಲಚ್ ನಡುವೆ ಅಡ್ಡ ನಿಂತಿರುವುದು ಅದೊಂದೇ. ಕೆಲಸದ ಚೀಟಿಯಲ್ಲಿ ಬರೆಸಿದೆ. ಕಾರು ಬಿಟ್ಟು ಬರುವಾಗ ಬಾಯಲ್ಲಿ ಇನ್ನೊಮ್ಮೆ ಹೇಳಿದೆ. "ಆಯಿತು ಸರ್, ಹಾಕಿಸುತ್ತೇನೆ" ಎಂದರು ಮಾಲೀಕರು.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಡಿಫರೆನ್ಷಿಯಲ್ ಕೂರಿಸಿದ ಹುಡುಗನ ಕೈಯಲ್ಲಿ ಕಲೆಯಿದೆ. ಡಿಫರೆನ್ಷಿಯಲ್‌ನ ದೊಡ್ಡ ಗೇರಾದ ಕ್ರೌನ್ ವೀಲನ್ನು ಹೊಸ ಬೋಲ್ಟುಗಳಿಂದ, ಎದುರುಬದುರಾಗಿ, ಟಾರ್ಕ್ ರೆಂಚ್ ಹಿಡಿದು ಬಿಗಿದ. ಬೇರಿಂಗಿನ ಪ್ರೀಲೋಡ್, ಅಂದರೆ ಬಿಗಿ, ಅಳೆದು ಅದಕ್ಕೆ ತಕ್ಕ ಶಿಮ್ ಎಂಬ ತೆಳು ಬಿಲ್ಲೆ ಆರಿಸಿದ. ಬಿಗಿ ಹೆಚ್ಚಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಗೇರು ಊಳಿಡುತ್ತದೆ. ಇಂದಿಗೂ ಅಲ್ಲಿಂದ ಒಂದು ಸದ್ದಿಲ್ಲ. ಕಷ್ಟದ ಕೆಲಸವನ್ನು ಇಷ್ಟು ಚೊಕ್ಕವಾಗಿ ಮಾಡಿದ ಗ್ಯಾರೇಜು ಅರ್ಧ ಗಂಟೆಯ ಕೆಲಸದಲ್ಲಿ ನನ್ನ ಕುತ್ತಿಗೆ ಕೊಯ್ದಿತು ಎಂಬುದೇ ನನಗೆ ತಡೆಯಲಾಗದ ಸಂಗತಿ.

ಹೊಸ ಕ್ಲಚ್ ಪಳಗಬೇಕೆಂದು ಸುಮಾರು 800 ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಒಮ್ಮೆಯೂ ಅವಸರ ಮಾಡಲಿಲ್ಲ. ಆಮೇಲೆ ಮೊದಲ ಟ್ರ್ಯಾಕ್ ದಿನ. ಅದೇ ನಿಧಾನದ ತಿರುವು, ಅದೇ ಆಕ್ಸಿಲರೇಟರ್. ಈ ಸಲ ಕಾರಿನ ಮೂತಿಯನ್ನು ಯಾರೋ ಹಗ್ಗ ಕಟ್ಟಿ ತಿರುವಿನ ಒಳಕ್ಕೆ ಎಳೆದಂತಾಯಿತು. ಸ್ಟೇರಿಂಗ್ ಕೈಯಲ್ಲಿ ಜಗ್ಗಿತು, ಎರಡೂ ಟೈರ್ ಕಚ್ಚಿದವು, ಕಾರು ಚಿಮ್ಮಿತು. ವರ್ಷಗಟ್ಟಲೆ ಕಾದದ್ದು ಆ ಕ್ಷಣಕ್ಕೆ.

ಎರಡನೆಯ ಟ್ರ್ಯಾಕ್ ದಿನ ಮಧ್ಯಾಹ್ನ, ನಾಲ್ಕನೆಯ ಗೇರಿನಲ್ಲಿ, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನ ಮುಳ್ಳು 5,000ದಿಂದ 6,000ಕ್ಕೆ ಏರಿತು. ವೇಗ ಅಲ್ಲೇ ಇತ್ತು. ಕ್ಲಚ್ ಜಾರುತ್ತಿತ್ತು. ಹೊಸ ಕ್ಲಚ್!

ಗ್ಯಾರೇಜಿಗೆ ಫೋನ್ ಮಾಡಿದರೆ ಬಂದ ಉತ್ತರ ಒಂದೇ: "ಟ್ರ್ಯಾಕ್‌ನಲ್ಲಿ ಓಡಿಸಿದ್ದೀರಲ್ಲ ಸರ್, ಕ್ಲಚ್ ಸುಟ್ಟಿರುತ್ತದೆ. ಅದಕ್ಕೆ ನಾವು ಜವಾಬ್ದಾರರಲ್ಲ." ಕಾರನ್ನು ನೋಡಿಲ್ಲ, ಮುಟ್ಟಿಲ್ಲ, ತೀರ್ಪು ಕೊಟ್ಟಾಯಿತು. ಟ್ರ್ಯಾಕ್‌ಗೆಂದೇ ಸಿದ್ಧಪಡಿಸಿ ಎಂದು ಕಾರು ಒಪ್ಪಿಸಿದವನಿಗೆ ಟ್ರ್ಯಾಕ್‌ನಲ್ಲಿ ಓಡಿಸಿದ್ದೇ ತಪ್ಪು ಎನ್ನುವುದು ಯಾವ ನ್ಯಾಯ?

ಅವರ ಬಾಗಿಲಿಗೆ ಮತ್ತೆ ಹೋಗಲಿಲ್ಲ. ಗೆಳೆಯನೊಬ್ಬನನ್ನು ಜೊತೆಗೆ ಹಾಕಿಕೊಂಡು, ಎರಡು ದಿನ ಕಾರಿನಡಿ ಮಲಗಿ, ಗೇರ್‌ಬಾಕ್ಸ್ ನಾವೇ ಇಳಿಸಿದೆವು.

ಸುಟ್ಟ ಕ್ಲಚ್ ಹೇಗಿರುತ್ತದೆ ಎಂದು ನನಗೆ ಗೊತ್ತು. ಕ್ಲಚ್ ಪ್ಲೇಟಿನ ಉಜ್ಜುವ ಪದರ, ಅಂದರೆ ಲೈನಿಂಗ್, ರಿವೆಟ್‌ವರೆಗೆ ಸವೆದಿರುತ್ತದೆ, ಅದು ಒತ್ತಿ ಹಿಡಿಯುವ ಎಂಜಿನ್ ಬದಿಯ ಭಾರದ ಚಕ್ರ, ಫ್ಲೈವೀಲ್‌ನ ಮುಖದಲ್ಲಿ ನೀಲಿ ಕಲೆಗಳಿರುತ್ತವೆ, ಒಣ ಕಪ್ಪು ಪುಡಿ ಉದುರುತ್ತದೆ. ಇಲ್ಲಿ ಅದಾವುದೂ ಇಲ್ಲ. ಲೈನಿಂಗ್ ಹೊಸದರಷ್ಟೇ ದಪ್ಪ, ರಿವೆಟ್‌ಗಳು ಆಳದಲ್ಲೇ ಇವೆ. ಆದರೆ ಪ್ಲೇಟ್ ಒದ್ದೆ. ಬೆರಳಿನಿಂದ ಒರೆಸಿದರೆ ಜಿಡ್ಡು. ಮೂಸಿ ನೋಡಿದೆ. ಗೇರ್ ಆಯಿಲ್ ಆಗಿದ್ದರೆ ಗಂಧಕದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಇದು ಎಂಜಿನ್ ಆಯಿಲ್. ಫ್ಲೈವೀಲ್ ಬಿಚ್ಚಿ ಅದರ ಹಿಂದಿನ ಸೀಲ್ ಕಂಡಾಗ ಸಂಶಯ ಉಳಿಯಲಿಲ್ಲ. ಸೀಲಿನ ಕೆಳಗಂಚಿನಿಂದ ಗೆರೆ ಎಳೆದಂತೆ ಆಯಿಲ್ ಇಳಿದಿದೆ. ಸೀಲಿನ ತುಟಿ ಗಟ್ಟಿಯಾಗಿ ಉಗುರಿನಂತಾಗಿದೆ. ರಸ್ತೆಯಲ್ಲಿ ಅದು ಹೇಗೋ ತಡೆದುಕೊಂಡಿತ್ತು. ಟ್ರ್ಯಾಕ್‌ನಲ್ಲಿ ಆಯಿಲ್ ಕಾದು ನೀರಾಗಿ, ಎಂಜಿನ್ನಿನ ಒಳಗಿನ ಒತ್ತಡ ಏರಿದಾಗ ಸೋತಿತು.

ಫ್ಲೈವೀಲ್ ಬೋಲ್ಟುಗಳು ಮಾತ್ರ ಹೊಸವು. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟುಗಳು, ಮತ್ತೆ ಬಳಸುವಂತಿಲ್ಲ. ಅದನ್ನು ಸರಿಯಾಗಿಯೇ ಮಾಡಿದ್ದಾರೆ. ಅಂದರೆ ಫ್ಲೈವೀಲ್ ಬಿಚ್ಚಿದ್ದಾರೆ. ಅಂದರೆ ಆ ಸೀಲ್ ಅವರ ಕಣ್ಣೆದುರಿಗೇ, ಒಂದು ಮೊಳ ದೂರದಲ್ಲಿ ಇತ್ತು!

ಹಾಗಾದರೆ ನಾನು ಕೊಟ್ಟ ಸೀಲ್ ಎಲ್ಲಿ ಹೋಯಿತು? ಕಳಚಿದ ಹಳೆಯ ಭಾಗಗಳನ್ನು ಅವರು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಟ್ಟಿದ್ದರು. ಅದನ್ನು ಮೂಲೆಗಿಟ್ಟವನು ತೆರೆದೇ ಇರಲಿಲ್ಲ. ಮೊನ್ನೆ ರಾತ್ರಿ ಸುರಿದೆ. ಹಳೆಯ ಡಿಫರೆನ್ಷಿಯಲ್, ಅದರ ಕೆಳಗೆ ಹಳೆಯ ಪ್ರೆಷರ್ ಪ್ಲೇಟ್, ತಳದಲ್ಲಿ ನನ್ನ ಸೀಲ್. ಪ್ಯಾಕೆಟ್ ಕೂಡ ಒಡೆದಿಲ್ಲ. ಬಿಲ್ ತೆಗೆದು ನೋಡಿದರೆ "ಸೀಲ್ ಬದಲಾವಣೆ" ಎಂಬ ಸಾಲಿದೆ, ಅದರ ಮುಂದೆ ಕೂಲಿಯೂ ಇದೆ.

ಮರೆತೆವು ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಫೋಟೊ ಕಳಿಸಿದ ಮೇಲೆ ಮಾಲೀಕರು ಹೇಳಿದ್ದು, "ಹಳೆಯದು ಸೋರುತ್ತಿರಲಿಲ್ಲ ಸರ್, ಮುಟ್ಟುವುದು ಬೇಡ ಎನ್ನಿಸಿತು." ಅನ್ನಿಸಿದ್ದರೆ ಫೋನ್ ಮಾಡಬೇಕಿತ್ತು. ಮಾಡದ ಕೆಲಸಕ್ಕೆ ಕೂಲಿ ಬರೆದದ್ದು ಯಾರಿಗೆ ಅನ್ನಿಸಿ? ನನ್ನ ಕಾರು, ನನ್ನ ಹಣ, ನನ್ನ ಸೀಲ್. ಆಯಿಲ್ ಹೀರಿದ ಲೈನಿಂಗನ್ನು ಎಷ್ಟು ತೊಳೆದರೂ ನಂಬುವಂತಿಲ್ಲ, ಆ ಪ್ಲೇಟ್ ಕಸವೇ. ಈ ಋತುವಿನಲ್ಲಿ ಉಳಿದ ಟ್ರ್ಯಾಕ್ ದಿನಗಳೂ ಕೈಬಿಟ್ಟವು. ಇಷ್ಟಾದ ಮೇಲೂ ಅವರ ಬಾಯಲ್ಲಿ "ಟ್ರ್ಯಾಕ್‌ನಲ್ಲಿ ಓಡಿಸಿದ್ದೀರಿ" ಎಂಬ ಮಾತೇ ಮೊದಲು ಬರುತ್ತದೆ.

ಸೀಲನ್ನು ನಿನ್ನೆ ನಾನೇ ಕೂರಿಸಿದೆ. ಹಳೆಯದನ್ನು ಕಿತ್ತು, ಅಂಚು ಒರೆಸಿ, ಸುತ್ತಲೂ ಸಮನಾಗಿ ಒತ್ತಿ ಕೂರಿಸಲು ಹಿಡಿದದ್ದು ಇಪ್ಪತ್ತೈದು ನಿಮಿಷ. ಹೊಸ ಕ್ಲಚ್ ಪ್ಲೇಟ್ ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ. ಆಯಿಲ್ ಕುಡಿದ ಪ್ಲೇಟನ್ನು ಹಳೆಯ ಸೀಲಿನ ಜೊತೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ, ಬಿಲ್ ಅದರ ಮೇಲೆ. ಸೋಮವಾರ ಬೆಳಿಗ್ಗೆ ಆ ಮೂರನ್ನೂ ಅವರ ಮೇಜಿನ ಮೇಲೆ ಇಡುತ್ತೇನೆ. ಕ್ಲಚ್‌ನ ಹಣವೂ, ಮಾಡದ ಕೆಲಸದ ಕೂಲಿಯೂ ಕೈಗೆ ಬರುವವರೆಗೆ ಅಲ್ಲಿಂದ ಏಳುವುದಿಲ್ಲ.