ಹಣೆಗೆ ಹಚ್ಚಿದ ದಾಲ್ಚಿನ್ನಿ ಎಣ್ಣೆ

ಕಳೆದ ತಿಂಗಳು ಮೈಸೂರಲ್ಲಿ ಅಕ್ಕನ ಮನೆ ಗೃಹಪ್ರವೇಶ. ಹೋಮದ ಹೊಗೆ, ನಿದ್ದೆಗೆಟ್ಟ ರಾತ್ರಿ, ತಲೆ ಸಿಡಿಯುತ್ತಿತ್ತು. ಅಕ್ಕನ ಮಗ ಬೆರಳುದ್ದದ ಬಾಟಲಿ ತಂದು, "ಮಾಮ, ಪ್ಯೂರ್ ದಾಲ್ಚಿನ್ನಿ ಎಣ್ಣೆ, ನ್ಯಾಚುರಲ್, ಹಚ್ಕೊಳಿ" ಅಂದ. ಹಚ್ಚಿಕೊಂಡೆ. ಎರಡೇ ನಿಮಿಷ, ಹಣೆಗೆ ಕೆಂಡ ಇಟ್ಟ ಹಾಗಾಯ್ತು. ನೀರು ಹಾಕಿ ಉಜ್ಜಿದಷ್ಟೂ ಉರಿ. ಫೋಟೋದಲ್ಲೆಲ್ಲ ನನ್ನ ಕೆಂಪು ಹಣೆಯೇ.

ಈಗ ನಾನಿರುವ ಕಾಸರಗೋಡಿನ ಬದಿಯಡ್ಕಕ್ಕೆ ವಾಪಸ್ ಬಂದಾಗ ಆಚೆಮನೆ ಅಜ್ಜಿ ನೋಡಿ ನಕ್ಕರು. "ಎಂತ ಮಾರಾಯ್ರೆ, ಅದನ್ನು ಹಾಗೇ ಹಚ್ಚುವುದುಂಟಾ? ನೀರಲ್ಲ, ತೆಂಗಿನೆಣ್ಣೆಯಲ್ಲಿ ಒರೆಸಬೇಕಿತ್ತು." ಹುಡುಗ ಕೊಟ್ಟು ಕಳಿಸಿದ್ದ ಬಾಟಲಿಯಿಂದ ಒಂದು ಹನಿ ಲೋಟದ ನೀರಿಗೆ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತು ಮೇಲೆ ತಡವರಿಸಿ, ಹಳದಿ ಮಣಿಯ ಹಾಗೆ ತಳಕ್ಕೆ ಇಳಿದು ಕೂತಿತು. ನೀರಿಗಿಂತ ಭಾರದ ಎಣ್ಣೆ, ನೀರಲ್ಲಿ ಕರಗುವ ಮಾತೇ ಇಲ್ಲ.

ನಮ್ಮ ಊರ ಕಡೆ ಚಕ್ಕೆ ಅಂದ್ರೆ ಅಂಗಡಿಯ ಪೊಟ್ಟಣ, ಅಷ್ಟೇ. ಮರ ನೋಡಿದವರು ಎಷ್ಟು ಜನ? ಇಲ್ಲಿ ಅಜ್ಜಿಯ ಹಿತ್ತಲಲ್ಲೇ ಮರ ಇದೆ, ಮಲಯಾಳದವರು ಕರುವಪಟ್ಟ ಅನ್ನುತ್ತಾರೆ. ಪಕ್ಕದ ಕಣ್ಣೂರು ಜಿಲ್ಲೆಯ ಅಂಜರಕಂಡಿಯಲ್ಲಂತೂ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲೇ ದಾಲ್ಚಿನ್ನಿ ತೋಟ ಮಾಡಿದ್ದರು. ಅಜ್ಜಿ ಎಲೆ ಹಿಸುಕಿ ಮೂಗಿಗೆ ಹಿಡಿದರು. ಚಕ್ಕೆಯ ವಾಸನೆ ಬರುತ್ತೆ ಅಂದುಕೊಂಡೆ, ಬಂದದ್ದು ಲವಂಗದ್ದು! ಎಲೆಯ ಎಣ್ಣೆಯಲ್ಲಿ ಜಾಸ್ತಿ ಇರುವುದು ಯೂಜಿನಾಲ್ ಅನ್ನುವ ರಾಸಾಯನಿಕ, ಲವಂಗದೆಣ್ಣೆಯಲ್ಲಿ ಇರುವುದೂ ಅದೇ. ಹಿಂದಿನವರು ಹಲ್ಲುನೋವಿಗೆ ಹತ್ತಿಗೆ ತಾಗಿಸಿ ಇಡುತ್ತಿದ್ದದ್ದು ಸುಮ್ನೆ ಅಲ್ಲ. ತೊಗಟೆಯ ಎಣ್ಣೆ ಬೇರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿನಮಾಲ್ಡಿಹೈಡ್ ಅನ್ನುವ ಇನ್ನೊಂದು ರಾಸಾಯನಿಕ. ಆ ಸಿಹಿ ಖಾರದ ಘಮ ಅದರದ್ದೇ, ನನ್ನ ಹಣೆ ಸುಟ್ಟದ್ದೂ ಅದೇ. ಅಜ್ಜಿ ಮಂಡಿಗೆ ಹಚ್ಚುವುದು ಎಲೆಯ ಎಣ್ಣೆ, ಅದೂ ಒಂದು ಲೋಟ ತೆಂಗಿನೆಣ್ಣೆಗೆ ಎರಡೇ ಹನಿ. ಮೂರನೆಯದು ಬೀಳುವ ಮೊದಲು ಬಾಟಲಿ ನೆಟ್ಟಗೆ ಮಾಡಿಬಿಡುತ್ತಾರೆ.

ನಮ್ಮೂರಿನವರಿಗೆ ಈ ಹದವೇ ಗೊತ್ತಿಲ್ಲ. ಬಾಟಲಿ ಮೇಲೆ ನ್ಯಾಚುರಲ್ ಅಂತ ಇದ್ದರೆ ಸಾಕು, ಸುರಿದುಕೊಳ್ಳುತ್ತಾರೆ.

ಹಾಗಂತ ಅಜ್ಜಿ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಶುಗರ್ ಇಳಿಯುತ್ತೆ ಅಂತ ದಿನಾ ಕರುವಪಟ್ಟ ಕುದಿಸಿದ ನೀರು ಕುಡಿಯುತ್ತಾರೆ, ಜೊತೆಗೆ ಡಾಕ್ಟರ ಮಾತ್ರೆಯನ್ನೂ ನುಂಗುತ್ತಾರೆ! ಇನ್ನೊಂದು ಮಾತು, ಹೇಳಲೇಬೇಕಲ್ಲ: ಆ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ನೇರವಾಗಿ ಚರ್ಮಕ್ಕೆ ಹಚ್ಚಬಾರದು' ಅಂತ ಇತ್ತು. ಕನ್ನಡಕ ಹಾಕಿರಲಿಲ್ಲ, ನಾನೂ ಓದಲಿಲ್ಲ. ಶೀತ ಆದಾಗ ಅಮ್ಮ ಚೂರೇ ಚೂರು ಚಕ್ಕೆ, ಬೆಲ್ಲ ಹಾಕಿ ಕಷಾಯ ಕೊಡುತ್ತಿದ್ದಳು. ಹದ ಅವಳಿಗೂ ಗೊತ್ತಿತ್ತು.

ಮುಂದಿನ ಸಲ ಬರುವಾಗ ಎಲೆ ತರ್ತೀನಿ ಅಂತ ಅಕ್ಕನಿಗೆ ಫೋನ್ ಮಾಡಿದೆ.

"ಪಲಾವ್ ಎಲೆ ಇಲ್ಲೂ ಸಿಗುತ್ತೆ ಬಿಡೋ" ಅಂದಳು.