ಫೋನ್ ಮಾಡೋಕೊಂದು ನೆಪ

2020ರ ಮಾರ್ಚ್ ತನಕ ನಾನು ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ಎಲ್ಲಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕೃಪೆ. ಮಾರತಹಳ್ಳಿಯಿಂದ ಬನಶಂಕರಿಗೆ ಬರುವ ಬಸ್ಸು ಅಲ್ಲಿ ಬಂದು ನಿಂತರೆ ಅಲ್ಲಾಡುತ್ತಿರಲಿಲ್ಲ. ಮಾಡೋದೇನು? ಅಮ್ಮನ ನಂಬರ್ ಒತ್ತುತ್ತಿದ್ದೆ. "ಎಲ್ಲಿದ್ದೆ?" "ಸಿಲ್ಕ್ ಬೋರ್ಡು." ಸಾಗರ ತಾಲ್ಲೂಕಿನ ಮೂಲೆಯ ಹಳ್ಳಿಯಲ್ಲಿರುವ ನಮ್ಮಮ್ಮನಿಗೆ ಬೆಂಗಳೂರಿನಲ್ಲಿ ಚೆನ್ನಾಗಿ ಗೊತ್ತಿದ್ದ ಜಾಗ ಅದೊಂದೇ.

ಆಮೇಲೆ ಲಾಕ್‌ಡೌನ್ ಬಂತು, ಹೋಯ್ತು. ಅದರ ಜೊತೆ ಬಂದ ವರ್ಕ್ ಫ್ರಂ ಹೋಮ್ ಮಾತ್ರ ನಮ್ಮ ಟೀಮಿನಲ್ಲಿ ಉಳಿದುಬಿಟ್ಟಿತು. ದಿನಕ್ಕೆ ಮೂರು ಗಂಟೆ ಓಡಾಟ ತಪ್ಪಿತಲ್ಲ, ಇನ್ನು ಎಲ್ಲರ ಹತ್ತಿರ ಧಾರಾಳವಾಗಿ ಮಾತಾಡಬಹುದು ಅಂದುಕೊಂಡೆ. ಆಗಿದ್ದು ಉಲ್ಟಾ. ಅಮ್ಮನ ಫೋನ್ ವಾರಕ್ಕೊಂದಾಯಿತು. ತಂಗಿ ಡಲ್ಲಾಸ್‌ನಲ್ಲಿದ್ದಾಳೆ. ಅವಳು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುವಾಗ ನಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸಿದ ಮೇಲೆ ಏಳೂವರೆ. ಕಾರು ಓಡಿಸುತ್ತಲೇ ಮಾತಾಡುತ್ತಿದ್ದಳು. ಅವಳಿಗೂ ಮನೆಯಿಂದಲೇ ಕೆಲಸ ಆಯಿತು ನೋಡಿ, ಕಾರೂ ನಿಂತಿತು, ಫೋನೂ ನಿಂತಿತು.

ಎಲ್ಲಕ್ಕಿಂತ ಚುಚ್ಚಿದ್ದು ಗೆಳೆಯನದ್ದು. ಮಂಡ್ಯದ ಕಡೆಯವನು. ನಾಲ್ಕು ವರ್ಷ ದಿನಕ್ಕೆರಡು ಸಲ ಆಫೀಸಿನ ಎದುರು ಬೈಟೂ ಕಾಫಿ ಕುಡಿದವರು ನಾವು. ಒಂದು ದಿನ ಅವನ ಸ್ಟೇಟಸ್‌ನಲ್ಲಿ ಮಗುವಿನ ನಾಮಕರಣದ ಫೋಟೋ. ಹೆಂಡತಿ ಬಸುರಿ ಅನ್ನೋದೇ ನನಗೆ ಗೊತ್ತಿರಲಿಲ್ಲ! ಆಫೀಸ್ ಇದ್ದಿದ್ದರೆ ಮೂರನೇ ತಿಂಗಳಿಗೇ ಗೊತ್ತಾಗಿರುತ್ತಿತ್ತು. ಜಗಳ ಇಲ್ಲ, ಬೇಜಾರಿಲ್ಲ. ಇಬ್ಬರಿಗೂ ಫೋನ್ ಮಾಡೋಕೆ ಒಂದು ಕಾರಣ ಸಿಕ್ಕಿರಲಿಲ್ಲ, ಅಷ್ಟೇ. ಒಂದು ಹೃದಯದ ಚಿಹ್ನೆ ಒತ್ತಿ ಸುಮ್ಮನಾದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನಾಚಿಕೆ.

ಹಾಗಂತ ನಾವು ಪ್ರಯತ್ನ ಪಡಲಿಲ್ಲ ಅಂತಿಲ್ಲ. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್‌ನವರು ಗುಂಪು ವಿಡಿಯೋ ಕಾಲ್‌ನಲ್ಲಿ ನಾಲ್ಕು ಜನರ ಬದಲು ಎಂಟು ಜನ ಸೇರಬಹುದು ಅಂದರು. ನಮ್ಮ ಕುಟುಂಬಕ್ಕೆ ಎಂಟು ಎಲ್ಲಿ ಸಾಲುತ್ತೆ? ಜೂಮ್‌ಗೆ ಹೋದೆವು. ಪ್ರತಿ ಭಾನುವಾರ ನಲವತ್ತು ನಿಮಿಷ, ಪುಕ್ಕಟೆ ಸಿಗೋದು ಅಷ್ಟೇ ತಾನೇ. ಅದರಲ್ಲಿ ಹದಿನೈದು ನಿಮಿಷ "ಮ್ಯೂಟ್ ತೆಗಿರಿ ಮಾವ". ದೊಡ್ಡಪ್ಪನ ಹಣೆ, ಚಿಕ್ಕಮ್ಮನ ಕಿವಿ, ಯಾರದೋ ಮನೆಯ ಫ್ಯಾನು. ದೀಪಾವಳಿಗೆ ಮುಂಚೆಯೇ ಅದು ತಣ್ಣಗಾಯಿತು. ವಾರವಿಡೀ ಅದೇ ಪರದೆ ನೋಡಿದವನಿಗೆ ಭಾನುವಾರವೂ ಅದರ ಎದುರು ನಗುತ್ತಾ ಕೂರು ಅಂದರೆ ಹೇಗೆ?

ನಮ್ಮ ಕಡೆ ಮಾತು ಯಾವತ್ತೂ ಹಾಗೆ ಎದುರುಬದುರು ಕೂತು ಆಡುವಂಥದ್ದಾಗಿರಲಿಲ್ಲ. ಅಡಿಕೆ ಸುಲಿಯುವ ರಾತ್ರಿಗಳನ್ನು ಕಂಡವರಿಗೆ ಗೊತ್ತು. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ, ಎಲ್ಲರ ಕಣ್ಣೂ ಕತ್ತಿಯ ಮೇಲೆ. ಕಣ್ಣು ಆಚೀಚೆ ಆದರೆ ಬೆರಳು ಹೋಗುತ್ತೆ. ಆದರೆ ಊರಿನ ಮದುವೆ, ಸಾಲ, ಕೋರ್ಟು ಕಚೇರಿ, ಯಾರ ಮನೆಯ ಹಸು ಯಾರ ತೋಟಕ್ಕೆ ನುಗ್ಗಿತು, ಎಲ್ಲಾ ಅಲ್ಲೇ ಬರುತ್ತಿತ್ತು. ಮುಖ ನೋಡಿ ಹೇಳಲಾಗದ ಎಷ್ಟೋ ಮಾತು ಅಡಿಕೆ ನೋಡಿಕೊಂಡು ಹೇಳಬಹುದು. ಅಲ್ಲಿಗೆ ಯಾರೂ ಮಾತಾಡೋಕೆ ಅಂತ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅಡಿಕೆ ಸುಲಿಯೋಕೆ.

ನನಗನ್ನಿಸೋದು ಇಷ್ಟು: ಪ್ರೀತಿ ಎಷ್ಟೇ ಇರಲಿ, ಮನುಷ್ಯನಿಗೆ ಒಂದು ನೆಪ ಬೇಕು. "ಏನಿಲ್ಲ, ಸುಮ್ನೆ ಮಾಡ್ದೆ" ಅಂತ ನಾವೆಲ್ಲ ಹೇಳುತ್ತೇವೆ. ಸುಳ್ಳು. ನಾನು "ಸುಮ್ನೆ" ಮಾಡಿದ್ದ ಫೋನೆಲ್ಲ ಸಿಲ್ಕ್ ಬೋರ್ಡ್ ಮಾಡಿಸಿದ್ದು. ಮನೆಯಿಂದ ಕೆಲಸ ಮಾಡೋಕೆ ಶುರು ಮಾಡಿದ ಮೇಲೆ ಅಂಥ ನೆಪಗಳೆಲ್ಲ ಹೋದವು. ಉಳಿದದ್ದು "ಯಾವಾಗ ಫ್ರೀ ಇರ್ತೀಯ?" ಅನ್ನುವ ಮೆಸೇಜು. ಅದನ್ನು ನೋಡಿದರೆ ನನಗೆ ಇನ್ನೊಂದು ಮೀಟಿಂಗ್ ಬಂದಂತೆ ಆಗುತ್ತೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳನ್ನಂತೂ ನಾನು ಲೆಕ್ಕಕ್ಕೇ ಹಿಡಿಯೋದಿಲ್ಲ. ಬದುಕಿದ್ದೇನೆ ಅನ್ನೋಕೆ ಹಾಜರಿ ಹಾಕಿದ ಹಾಗೆ ಅದು.

ಇನ್ನೊಂದು ಕಷ್ಟ, "ಮನೇಲೇ ಇದ್ದೀಯಲ್ಲ" ಅನ್ನೋದು. ಸೊರಬದ ಅತ್ತೆ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದರು. ನಾನು ಮೀಟಿಂಗ್‌ನಲ್ಲಿ. ಕಟ್ ಮಾಡಿದರೆ ಫೋನ್ ತಾನೇ ಒಂದು ರೆಡಿ ಮೆಸೇಜ್ ತೋರಿಸುತ್ತಲ್ಲ, 'ಕ್ಯಾನ್ ಐ ಕಾಲ್ ಯೂ ಲೇಟರ್', ಅದನ್ನು ಒತ್ತುತ್ತಿದ್ದೆ. ಅತ್ತೆಗೆ ಇಂಗ್ಲಿಷ್ ಬರೋದಿಲ್ಲ. ಮೂರು ಸಲ ಮೊಮ್ಮಗನ ಹತ್ತಿರ ಓದಿಸಿದರಂತೆ, ನಾಲ್ಕನೇ ಸಲ ಫೋನೇ ಮಾಡಲಿಲ್ಲ. ಇದು ನನಗೆ ಗೊತ್ತಾಗಿದ್ದು ವರ್ಷ ಕಳೆದು ಒಂದು ಉಪನಯನದ ಊಟದ ಪಂಕ್ತಿಯಲ್ಲಿ. ಈಗ ಬುಧವಾರ ಸಂಜೆ ತರಕಾರಿ ಹೆಚ್ಚುವಾಗ ನಾನೇ ಅವರಿಗೆ ಫೋನ್ ಮಾಡುತ್ತೇನೆ. ವಿಡಿಯೋ ಬೇಡ. ಫೋನ್ ಸ್ಪೀಕರಿಗೆ ಹಾಕಿ ಈಳಿಗೆಮಣೆ ಪಕ್ಕ ಇಡೋದು. "ಎಂತ ಹೆಚ್ತಾ ಇದ್ದೆ?" ಅಂತಲೇ ಅತ್ತೆ ಶುರು ಮಾಡೋದು. ಸೌತೆಕಾಯಿ ಅಂದರೆ ತಂಬುಳಿ, ಬೆಂಡೆ ಅಂದರೆ ಗೊಜ್ಜು, ಅಲ್ಲಿಂದ ಸೊಸೆಯ ಮೇಲೆ ದೂರು. ನನಗೆ ಅರ್ಧ ಗಂಟೆಯಲ್ಲಿ ಅಡುಗೆ ಮುಗಿಯುತ್ತೆ, ಅವರಿಗೆ ಮುಗಿಯೋದಿಲ್ಲ.

ಮಂಡ್ಯದ ಗೆಳೆಯನನ್ನು ವಾಪಸ್ ಹಿಡಿದದ್ದು ಡ್ಯಾಮ್ ನೀರಿನಿಂದ. ನಗಬೇಡಿ. ಮಳೆಗಾಲದಲ್ಲಿ ನಮ್ಮೂರಿನವರಿಗೆ ಲಿಂಗನಮಕ್ಕಿ ಎಷ್ಟು ಅಡಿ ಅನ್ನೋದು ಕ್ರಿಕೆಟ್ ಸ್ಕೋರ್ ಇದ್ದ ಹಾಗೆ. ತುಂಬಿದರೆ 1819. ಅವರಿಗೆ ಕನ್ನಂಬಾಡಿ, ತುಂಬಿದರೆ 124.80. ಒಂದು ಜುಲೈಯಲ್ಲಿ ಧೈರ್ಯ ಮಾಡಿ "ಎಷ್ಟಾಯ್ತಪ್ಪ ನಿಮ್ಮ ಕಟ್ಟೆ?" ಅಂತ ಕಳಿಸಿದೆ. ಎರಡು ನಿಮಿಷಕ್ಕೆ ಅವನದ್ದೇ ಫೋನ್. "ನೂರಿಪ್ಪತ್ತು ದಾಟ್ತು ಕಣಯ್ಯ, ನಿಮ್ಮದು?" ಆಮೇಲೆ ಮಗಳ ಹಲ್ಲು, ಅಪ್ಪನ ಮಂಡಿನೋವು, ಕೆಲಸ ಬಿಡುವ ಯೋಚನೆ. ನಾಮಕರಣದ ಬಗ್ಗೆ ಕ್ಷಮೆ ಕೇಳೋಣ ಅಂತಿದ್ದೆ, ಬಾಯಿಗೆ ಬರಲಿಲ್ಲ. ಅವನೂ ಎತ್ತಲಿಲ್ಲ.

ಅಪ್ಪನಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು ಅನ್ಸುತ್ತೆ. ನಮ್ಮನೆ ಅಂಗಳದಲ್ಲಿ ಮಳೆ ಅಳೆಯುವ ಒಂದು ಮಾಪಕ ಇದೆ. ಬೆಳಿಗ್ಗೆ ಎಂಟಕ್ಕೆ ನೋಡಿ, ಕ್ಯಾಲೆಂಡರಿನ ಆ ತಾರೀಕಿನ ಮನೆಯಲ್ಲಿ ಬರೆದು, ನನಗೆ ಫೋನ್. "ಮೂರೂವರೆ ಇಂಚು." ಜೋರು ಮಳೆಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಹೋಗುತ್ತೆ. ಅಂದರೆ ಸುದ್ದಿ ಬೇಕಾದಾಗಲೇ ಸುದ್ದಿ ಇಲ್ಲ. ಒಮ್ಮೆ ನಾಲ್ಕು ದಿನ ಫೋನೇ ಇರಲಿಲ್ಲ, ನನಗೆ ನಿದ್ದೆ ಇರಲಿಲ್ಲ. ಐದನೇ ದಿನ ಸಿಕ್ಕಿದವರು ಹೇಗಿದ್ದೀಯ ಅಂತ ಕೂಡ ಕೇಳದೆ ನಾಲ್ಕೂ ದಿನದ ಇಂಚು ಓದಿದರು.

ಈಗ ಜನವರಿ. ನಿನ್ನೆ ಬೆಳಿಗ್ಗೆ ಎಂಟಕ್ಕೆ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ, ಅಪ್ಪನ ಫೋನ್ ಬಂತು.

"ಮಳೆ ಇಲ್ಲೆ ಇವತ್ತು" ಅಂದರು.